ಎಡದಂಡೆಯೋ ಬಲದಂಡೆಯೋ: ಲೊತ್ ಕಣಿವೆಯಲ್ಲಿ ಸೈಕಲ್ ಪ್ರವಾಸ

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ಮಾಸಿಫ್ ಸಾಂತ್ರಾಲ್ ಎಂಬ ಮಲೆಸೀಮೆಯ ಆಗ್ನೇಯ ಅಂಚಿನಲ್ಲಿ ಹುಟ್ಟುವ ಲೊತ್ ನದಿಯು ಸುಮಾರು 480 ಕಿಲೋಮೀಟರ್ ದೂರ ಪಶ್ಚಿಮಕ್ಕೆ ಹರಿದು ಎಗಿಯೋಂ ಎಂಬಲ್ಲಿ ಗಾರೋನ್ ನದಿಯನ್ನು ಕೂಡುತ್ತದೆ. ಈ ದೂರವನ್ನು ಅದು ನೇರವಾಗಿ ಕ್ರಮಿಸುವುದಿಲ್ಲ. ಗ್ರಾನೈಟ್ ಮತ್ತು ಪದರಗಲ್ಲಿನ ಕಮರಿಗಳಲ್ಲಿ ಇಕ್ಕಟ್ಟಾಗಿ ನುಗ್ಗಿ, ಸುಣ್ಣಕಲ್ಲಿನ ಸೀಮೆಗೆ ಬಂದ ಮೇಲೆ ಬಳುಕಿ ಬಳುಕಿ ಸಾಗುವ ಈ ನದಿಯ ಪಕ್ಕದಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಮಾಂದ್ ಪಟ್ಟಣದಿಂದ ಕಾಓರ್ ಪಟ್ಟಣದವರೆಗೆ ನಾನೂ ನನ್ನ ಗೆಳೆಯನೂ ರಸ್ತೆ ಸೈಕಲ್ಲುಗಳಲ್ಲಿ ಹೋದ ವೃತ್ತಾಂತವಿದು.

ಮಾಂದ್ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ, ಕಾಓರ್ ಸುಮಾರು 120 ಮೀಟರ್ ಎತ್ತರದಲ್ಲಿದೆ. ಲೆಕ್ಕಕ್ಕೆ ಇದು ಇಳಿಯುವ ದಾರಿ. ಆದರೆ ನದಿ ಇಳಿಯುತ್ತದೆಂದ ಮಾತ್ರಕ್ಕೆ ರಸ್ತೆಯೂ ಇಳಿಯಬೇಕೆಂದಿಲ್ಲ. ನದಿ ಬಂಡೆಯನ್ನು ಕೊರೆದು ಹೋದ ಕಡೆ ರಸ್ತೆ ಬಂಡೆಯ ನೆತ್ತಿಗೆ ಏರಿ ಇಳಿಯಬೇಕಾಗುತ್ತದೆ, ಅಣೆಕಟ್ಟಿನ ಹಿನ್ನೀರು ಹಳೆಯ ರಸ್ತೆಯನ್ನು ನುಂಗಿದ ಕಡೆ ಹೊಸ ರಸ್ತೆ ಗುಡ್ಡ ಹತ್ತುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬಹುತೇಕ ಕಣಿವೆಗಳಲ್ಲಿ ನದಿಗೆ ಎರಡು ಬದಿಗಳಲ್ಲೂ ರಸ್ತೆಗಳಿರುತ್ತವೆ. ಒಂದು ಬದಿಯಲ್ಲಿ ಕಾರು ಲಾರಿಗಳ ರಸ್ತೆ, ಇನ್ನೊಂದು ಬದಿಯಲ್ಲಿ ಹೊಲಗಳಿಗೂ ಒಂಟಿ ಮನೆಗಳಿಗೂ ಮಾತ್ರ ಬೇಕಾದ ಸಣ್ಣ ರಸ್ತೆ. ಸೈಕಲ್ ಸವಾರನ ಸುಖವೆಲ್ಲ ಈ ಎರಡರ ನಡುವಿನ ಆಯ್ಕೆಯಲ್ಲಿದೆ. ಆದ್ದರಿಂದ ಪ್ರತಿದಿನ ಬೆಳಿಗ್ಗೆ ನಾವು ನಕ್ಷೆ ಹರಡಿಕೊಂಡು ಚರ್ಚಿಸುತ್ತಿದ್ದ ಪ್ರಶ್ನೆ ಒಂದೇ: ಇವತ್ತು ಎಡದಂಡೆಯೋ, ಬಲದಂಡೆಯೋ?

ಮೊದಲ ದಿನ: ಮಾಂದ್‌ನಿಂದ ಸೇಂ-ಜೆನಿಯೆ-ದೋಲ್ತ್

ನೀಮ್ ಕಡೆಯಿಂದ ಬೆಟ್ಟಗಳ ಸುರಂಗಗಳನ್ನು ಹಾದು ಬರುವ ಸಣ್ಣ ರೈಲಿನಲ್ಲಿ ಸೈಕಲ್ಲುಗಳ ಸಮೇತ ಹಿಂದಿನ ಮಧ್ಯಾಹ್ನವೇ ಮಾಂದ್ ತಲುಪಿದ್ದೆವು. ಲೊಝೇರ್ ಜಿಲ್ಲೆಯ ಕೇಂದ್ರವಾದರೂ ಇದು ಪುಟ್ಟ ಊರು. ದೊಡ್ಡ ಕ್ಯಾಥೆಡ್ರಲ್ಲಿನ ಎರಡು ಅಸಮಾನ ಗೋಪುರಗಳು ಎಲ್ಲ ಬೀದಿಗಳಿಂದಲೂ ಕಾಣುತ್ತವೆ. ಸೈಕಲ್ ಪ್ರಿಯರಿಗೆ ಈ ಊರಿನ ಹೆಸರು ಪರಿಚಿತವಾಗಿರುವುದು ಬೇರೆ ಕಾರಣಕ್ಕೆ. ಊರಿನಿಂದ ಮೇಲಿನ ವಿಮಾನ ಇಳಿದಾಣಕ್ಕೆ ಏರುವ ಮೂರು ಕಿಲೋಮೀಟರ್ ರಸ್ತೆಯ ಸರಾಸರಿ ಕಡಿದು ಶೇಕಡಾ ಹತ್ತಕ್ಕಿಂತ ಹೆಚ್ಚು. 1995ರ ಜುಲೈ 14ರಂದು, ಫ್ರಾನ್ಸಿನ ರಾಷ್ಟ್ರೀಯ ದಿನದಂದೇ, ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಲೊರಾಂ ಜಲಾಬೆರ್ ಇಲ್ಲಿ ಗೆದ್ದ ಮೇಲೆ ಆ ಏರಿಗೆ ಅವರ ಹೆಸರನ್ನೇ ಇಡಲಾಗಿದೆ. ಗೆಳೆಯನ ಹಠಕ್ಕೆ ಮಣಿದು, ಚೀಲಗಳನ್ನು ತಂಗುದಾಣದಲ್ಲಿ ಬಿಟ್ಟು, ಸಂಜೆ ಆ ಏರನ್ನು ಹತ್ತಿದೆವು. ಅತಿ ಸಣ್ಣ ಗೇರಿನಲ್ಲಿಯೂ ಮುಂದಿನ ಚಕ್ರ ಅತ್ತಿತ್ತ ಹೊಯ್ದಾಡುವಷ್ಟು ನಿಧಾನವಾಗಿ ಏರಿದ ನಮಗೆ, ಸ್ಪರ್ಧಾಳುಗಳು ಸುದೀರ್ಘ ಹಂತವೊಂದರ ಕೊನೆಗೆ ಇದೇ ರಸ್ತೆಯಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುತ್ತಾರೆಂಬುದು ದೂರದರ್ಶನದಲ್ಲಿ ಕಂಡಾಗಿನಷ್ಟು ಸುಲಭವಾಗಿ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಕಣಿವೆಯ ತುಂಬ ಮಂಜು. ಸೆಪ್ಟೆಂಬರ್‌ನಲ್ಲಿ ಆಕಾಶ ಸ್ವಚ್ಛವಾಗಿರುವ ರಾತ್ರಿಗಳಲ್ಲಿ ನೆಲದ ಬಿಸಿ ಬೇಗ ಆರಿ, ತಣ್ಣನೆಯ ಭಾರವಾದ ಗಾಳಿ ಗುಡ್ಡಗಳಿಂದ ಜಾರಿ ಕಣಿವೆಯ ತಳದಲ್ಲಿ ಶೇಖರವಾಗುತ್ತದೆ, ನದಿಯ ತೇವ ಅಲ್ಲಿ ಮಂಜಾಗುತ್ತದೆ. ಮೇಲಿನ ಪ್ರಸ್ಥಭೂಮಿಯಲ್ಲಿ ಬಿಸಿಲು ಹೊಳೆಯುತ್ತಿದ್ದರೂ ಕೆಳಗೆ ನೂರು ಮೀಟರ್ ಮುಂದೆ ಕಾಣದಂಥ ಸ್ಥಿತಿ ಹತ್ತು ಗಂಟೆಯವರೆಗೂ ಇರಬಹುದು. ಊರಿನ ಹೊರಗೆ ರಾತ್ರಿಯಲ್ಲಿ ಅಥವಾ ದೃಷ್ಟಿ ಮಸುಕಾದಾಗ ಸೈಕಲ್ ಸವಾರರು ಪ್ರತಿಫಲಿಸುವ ಜಾಕೆಟ್ ಧರಿಸಲೇಬೇಕೆಂದು ಫ್ರಾನ್ಸಿನ ಕಾನೂನು ಹೇಳುತ್ತದೆ. ಕಾನೂನಿಲ್ಲದಿದ್ದರೂ ಆ ಬೆಳಿಗ್ಗೆ ನಾವು ಅದನ್ನು ಧರಿಸಿಯೇ ಹೊರಡುತ್ತಿದ್ದೆವು, ಏಕೆಂದರೆ ಮಾಂದ್‌ನಿಂದ ಬಾರ್ಜಾಕ್‌ವರೆಗೆ ಎನ್-88 ಹೆದ್ದಾರಿ ನದಿಯ ಜೊತೆಗೇ ಇದೆ. ಕಣಿವೆ ಕಿರಿದು. ನದಿ, ರೈಲುಹಳಿ, ಹೆದ್ದಾರಿ ಈ ಮೂರಕ್ಕೆ ಜಾಗ ಒದಗಿಸುವಷ್ಟರಲ್ಲಿ ಅದರ ಅಗಲ ಮುಗಿದುಹೋಗಿರುತ್ತದೆ. ಲಾರಿಗಳು ಊರಾಚೆ ಸೈಕಲ್ಲಿಗೆ ಬಿಡಬೇಕಾದ ಒಂದೂವರೆ ಮೀಟರ್ ಅಂತರವನ್ನು ಬಿಟ್ಟೇ ಹೋದವು, ಆದರೂ ಮಂಜಿನಲ್ಲಿ ಹಿಂದಿನಿಂದ ಬರುವ ಸದ್ದು ಎಷ್ಟು ದೂರದ್ದೆಂದು ಅಂದಾಜಾಗದೆ ಭುಜಗಳು ಬಿಗಿದುಕೊಂಡೇ ಇದ್ದವು.

ಬಾರ್ಜಾಕ್ ದಾಟಿದ ಮೇಲೆ ಹೆದ್ದಾರಿ ನದಿಯನ್ನು ಬಿಟ್ಟು ಉತ್ತರದ ಗುಡ್ಡಕ್ಕೆ ಏರುತ್ತದೆ, ಲಾರಿಗಳೆಲ್ಲ ಅದರ ಹಿಂದೆ ಹೋಗುತ್ತವೆ. ಅಲ್ಲಿಂದ ಶನಾಕ್ ಕಡೆಗೆ ಹೊರಳಿದ ಕೂಡಲೇ ನದಿಯ ಸದ್ದು ಕೇಳಿಸಿತು. ಜಿಲ್ಲಾ ರಸ್ತೆಗಳ ಮೈಲಿಗಲ್ಲಿಗೆ ಇಲ್ಲಿ ಹಳದಿ ನೆತ್ತಿ, ರಾಷ್ಟ್ರೀಯ ರಸ್ತೆಗಳದ್ದಕ್ಕೆ ಕೆಂಪು ನೆತ್ತಿ. ಹಳದಿ ನೆತ್ತಿ ಕಂಡರೆ ಸಮಾಧಾನಪಡುವ ಅಭ್ಯಾಸ ನಮಗೆ ಅಂದೇ ಆಯಿತು.

ಬನಾಸಾಕ್ ಎಂಬ ಊರಿನ ಬಳಿ ಎ-75 ಮೋಟಾರು ಮಾರ್ಗ ಕಣಿವೆಯನ್ನು ಅಡ್ಡಹಾಯುತ್ತದೆ. ರೋಮನ್ನರ ಕಾಲದಲ್ಲಿ ಈ ಊರಿನ ಕೆಂಪು ಮಡಕೆಗಳು ದೂರದೇಶಗಳಿಗೆ ಹೋಗುತ್ತಿದ್ದವು, 7ನೇ ಶತಮಾನದಲ್ಲಿ ಇಲ್ಲಿ ಚಿನ್ನದ ನಾಣ್ಯಗಳ ಟಂಕಸಾಲೆ ಇತ್ತು. ನದಿಯೂ ಉತ್ತರ ದಕ್ಷಿಣದ ದಾರಿಯೂ ಕೂಡುವ ಸ್ಥಳಕ್ಕೆ ಬರುವ ಭಾಗ್ಯವಿದು. ಈಗ ಆ ವಹಿವಾಟೆಲ್ಲ ಮೋಟಾರು ಮಾರ್ಗದ ಪಾಲಾಗಿದೆ, ಅದರ ಕೆಳಗಿನ ರಸ್ತೆ ನಮ್ಮಂಥವರ ಪಾಲಿಗೆ ಉಳಿದಿದೆ. ಅಲ್ಲಿಂದ ಮುಂದೆ ನದಿ ಕಮರಿಯೊಳಗೆ ಇಳಿಯಿತು, ರಸ್ತೆ ಸೇಂ-ಲೊರಾಂ-ದೋಲ್ತ್ ಎಂಬ ದಿಬ್ಬದ ಹಳ್ಳಿಗೆ ಏರಿತು. ಇಳಿಯುವ ನದಿಯ ಪಕ್ಕ ಏರುವ ರಸ್ತೆಯ ಮೊದಲ ಪಾಠ ಅದು. ಸಂಜೆಗೆ ಸುಮಾರು ಎಪ್ಪತ್ತು ಕಿಲೋಮೀಟರ್ ಮುಗಿಸಿ ಸೇಂ-ಜೆನಿಯೆ-ದೋಲ್ತ್ ತಲುಪಿದಾಗ ನದಿ ಊರಿನ ನಡುವೆ ಅಗಲವಾಗಿ, ಆತುರವಿಲ್ಲದೆ ಹರಿಯುತ್ತಿತ್ತು.

ಎರಡನೆಯ ದಿನ: ಸೇಂ-ಜೆನಿಯೆಯಿಂದ ಆಂತ್ರೇಗ್

ಸೇಂತ್-ಯೂಲಲಿ-ದೋಲ್ತ್‌ವರೆಗಿನ ಕೆಲವು ಕಿಲೋಮೀಟರ್ ಸಮತಟ್ಟು. ಅಲ್ಲಿಂದ ಮುಂದೆ ಕಾಸ್ತೆಲ್ನೋ ಅಣೆಕಟ್ಟಿನ ಹಿನ್ನೀರು. ಹಿನ್ನೀರಿನ ಪಕ್ಕದ ರಸ್ತೆಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ನೀರು ಪ್ರತಿಯೊಂದು ಹಳ್ಳದ ಬಾಯಿಗೂ ನುಗ್ಗಿರುವುದರಿಂದ ರಸ್ತೆ ಒಳಕ್ಕೆ ಹೋಗಿ ಹಳ್ಳವನ್ನು ದಾಟಿ ಮತ್ತೆ ಹೊರಕ್ಕೆ ಬರುತ್ತದೆ, ಪ್ರತಿ ತಿರುವಿಗೂ ಒಂದು ಕಿರಿಯ ಏರು, ಒಂದು ಕಿರಿಯ ಇಳಿವು. ನಕ್ಷೆಯಲ್ಲಿ ಕಾಣದ ಈ ಏರುಗಳು ದಿನದ ಕೊನೆಗೆ ದೊಡ್ಡ ಘಾಟಿಯೊಂದರ ಲೆಕ್ಕಕ್ಕೆ ಬರುತ್ತವೆ.

ಸೇಂ-ಕೋಮ್-ದೋಲ್ತ್‌ನ ಚರ್ಚಿನ ಶಿಖರ ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡಿದೆ. ಊರ ಬಾಗಿಲಲ್ಲಿ ಬೆನ್ನಿಗೆ ಚೀಲ, ಕೈಗೆ ಕೋಲು ಹಿಡಿದ ಯಾತ್ರಿಕರ ಸಾಲು. ಲ ಪುಯಿ ಪಟ್ಟಣದಿಂದ ಸ್ಪೇನಿನ ಸಾಂತಿಯಾಗೊ ದ ಕೊಂಪೊಸ್ತೆಲಾಗೆ ನಡೆದುಹೋಗುವವರ ಹಾದಿ ಓಬ್ರಾಕ್ ಪ್ರಸ್ಥಭೂಮಿಯಿಂದ ಇಳಿದು ನದಿಯನ್ನು ಸೇರುವುದು ಇಲ್ಲಿಯೇ. ಮುಂದಿನ ಹಲವು ಊರುಗಳಲ್ಲಿ ಅವರೂ ನಾವೂ ಒಂದೇ ತಂಗುದಾಣಗಳಲ್ಲಿ ಉಳಿದೆವು. ಅವರ ಹಾದಿ ಗುಡ್ಡ ಹತ್ತಿ ನೇರವಾಗಿ ಹೋಗುತ್ತದೆ, ನಮ್ಮದು ನದಿಯ ಬಳುಕನ್ನು ಅನುಸರಿಸುತ್ತದೆ. ಹಾಗಾಗಿ ಬೆಳಿಗ್ಗೆ ದಾಟಿ ಬಂದ ಯಾತ್ರಿಕರೇ ಮರುದಿನ ಮತ್ತೆ ಎದುರಾದಾಗ ಅವರಿಗೂ ನಮಗೂ ಆಶ್ಚರ್ಯವಾಗುತ್ತಿತ್ತು.

ಎಸ್ಪಾಲಿಯೋಂನ ಹಳೆಯ ಸೇತುವೆ ಕೆಂಪು ಮರಳುಗಲ್ಲಿನದು. ಅದರ ಪಕ್ಕದಲ್ಲಿ ಚರ್ಮ ಹದಮಾಡುತ್ತಿದ್ದವರ ಮನೆಗಳು ನೀರಿಗೆ ಮೆಟ್ಟಿಲಿಳಿಸಿ ನಿಂತಿವೆ. ಈ ಊರಿನ ಚರಿತ್ರೆಯಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ಸಮುದ್ರದಿಂದ ಇಷ್ಟು ದೂರದ ಬೆಟ್ಟದೂರಿನಲ್ಲಿ ಮುಳುಗುಗಾರರ ಉಡುಪು ಉಪಕರಣಗಳ ವಸ್ತುಸಂಗ್ರಹಾಲಯವಿದೆ. ಗಣಿ ಎಂಜಿನಿಯರ್ ಬೆನುವಾ ರೂಕೆರೋಲ್ ಈ ಊರಿನವರು. ಗಣಿಯೊಳಗೆ ವಿಷಾನಿಲ ತುಂಬಿದಾಗ ರಕ್ಷಣೆಗೆ ಇಳಿಯುವವರು ಉಸಿರಾಡಲು ಅನುಕೂಲವಾಗುವಂತೆ, ಬೇಕಾದಷ್ಟೇ ಗಾಳಿಯನ್ನು ಬೇಕಾದ ಒತ್ತಡದಲ್ಲಿ ಒದಗಿಸುವ ಉಪಕರಣವೊಂದನ್ನು ಅವರು 1860ರಲ್ಲಿ ರೂಪಿಸಿದರು. ನೌಕಾದಳದ ಅಧಿಕಾರಿ ಒಗುಸ್ತ್ ದೆನೆರೂಝ್ ಅವರೊಡನೆ ಸೇರಿ 1864ರಲ್ಲಿ ಅದನ್ನು ನೀರಿನಡಿಯ ಬಳಕೆಗೆ ಅಳವಡಿಸಿದರು. ಕಲ್ಲಿದ್ದಲಿನ ಗಣಿಗಾಗಿ ಹುಟ್ಟಿದ ಯೋಚನೆ ಸಮುದ್ರಕ್ಕೆ ಹೋದದ್ದು ಹೀಗೆ. ಆ ಗಣಿಗಳ ಸೀಮೆ ನಮ್ಮ ದಾರಿಯಲ್ಲಿ ಇನ್ನೂ ಮುಂದಿತ್ತು.

ಎಸ್ಪಾಲಿಯೋಂನಿಂದ ಎಸ್ತೇಂವರೆಗೆ ಆಯ್ಕೆ ಸ್ಪಷ್ಟ. ಬಲದಂಡೆಯಲ್ಲಿ ಡಿ-920 ಎಂಬ ಮುಖ್ಯ ರಸ್ತೆ, ಎಡದಂಡೆಯಲ್ಲಿ ಎರಡು ಕಾರುಗಳು ಎದುರಾದರೆ ಒಂದು ಹುಲ್ಲಿಗೆ ಇಳಿಯಬೇಕಾದ ಕಿರಿದಾರಿ. ಪಶ್ಚಿಮಕ್ಕೆ ಹರಿಯುವ ನದಿಗೆ ಬಲದಂಡೆಯೆಂದರೆ ಉತ್ತರದ ದಂಡೆ. ಅದರ ಇಳಿಜಾರು ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಪಡೆಯುತ್ತದೆ. ಆದ್ದರಿಂದಲೇ ಊರುಗಳು, ದ್ರಾಕ್ಷಿತೋಟಗಳು, ಅವುಗಳ ಹಿಂದೆಯೇ ದೊಡ್ಡ ರಸ್ತೆ ಆ ಕಡೆ ಸೇರಿಕೊಂಡಿವೆ. ಎಡದಂಡೆ ನೆರಳಿನದು, ಅಲ್ಲಿ ಕಾಡು ಹೆಚ್ಚು, ಮನೆ ಕಡಿಮೆ. ಲೊತ್ ಕಣಿವೆಯ ಮೇಲ್ಭಾಗದಲ್ಲಿ ಅನುಮಾನ ಬಂದಾಗಲೆಲ್ಲ ನೆರಳಿನ ದಂಡೆಯನ್ನು ಆರಿಸುವುದು ಬಹುಪಾಲು ಸರಿಯಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಮಧ್ಯಾಹ್ನವಾದರೂ ಆರದ ಪಾಚಿ, ತಿರುವುಗಳಲ್ಲಿ ಕೊಳೆತ ಎಲೆ, ಒಮ್ಮೊಮ್ಮೆ ಡಾಂಬರಿನ ನಡುವೆಯೇ ಬೆಳೆದ ಹುಲ್ಲಿನ ಗೆರೆ. 32 ಮಿಲಿಮೀಟರಿನ ಅಗಲ ಟಯರುಗಳಿಗೆ ಗಾಳಿಯನ್ನು ಸ್ವಲ್ಪ ಕಡಿಮೆ ಹಾಕಿಕೊಂಡು ಬಂದದ್ದು ಇಂಥ ಕಡೆ ಉಪಯೋಗಕ್ಕೆ ಬಂತು.

ಎಸ್ತೇಂ ಊರಿನ ಕೋಟೆಯು ಸೇತುವೆಯ ಮೇಲಿಂದ ನೋಡುವವರಿಗಾಗಿಯೇ ಕಟ್ಟಿದಂತಿದೆ. 1974ರಿಂದ 1981ರವರೆಗೆ ಫ್ರಾನ್ಸಿನ ಅಧ್ಯಕ್ಷರಾಗಿದ್ದ ವಲೇರಿ ಜಿಸ್ಕಾರ್ ದೆಸ್ತೇಂ ಅವರ ಕುಟುಂಬ 2005ರಲ್ಲಿ ಇದನ್ನು ಕೊಂಡುಕೊಂಡಿತು. ಹೆಸರು ಮೊದಲು ಬಂದು ಕೋಟೆ ಆಮೇಲೆ ಬಂದ ಅಪರೂಪದ ಪ್ರಸಂಗವಿದು.

ಎಸ್ತೇಂನಿಂದ ಆಂತ್ರೇಗ್‌ವರೆಗೆ ಕಣಿವೆ ಮತ್ತೆ ಕಮರಿಯಾಗುತ್ತದೆ, ನೀರಿನಂಚಿಗೆ ರಸ್ತೆ ಒಂದೇ, ಆಯ್ಕೆಯ ಪ್ರಶ್ನೆಯೇ ಇಲ್ಲ. ಅದೃಷ್ಟಕ್ಕೆ ಕಾರುಗಳೂ ವಿರಳ. ಗೋಲಿನ್ಯಾಕ್ ಅಣೆಕಟ್ಟಿನ ಮೇಲೆ ನಿಂತ ನೀರು ಹಸಿರು ಕಪ್ಪು, ಕೆಳಗೆ ಬಂಡೆಗಳ ನಡುವೆ ಉಳಿದದ್ದು ಸೊರಗಿದ ಹೊಳೆ. ಇಲ್ಲಿಯೇ ನಮಗೆ ಎದುರುಗಾಳಿಯ ಪರಿಚಯವಾಯಿತು. ಬಿಸಿಲೇರಿದಂತೆ ಕಣಿವೆಯ ಇಳಿಜಾರುಗಳು ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ, ಅದರ ಜಾಗವನ್ನು ತುಂಬಲು ಕೆಳಕಣಿವೆಯಿಂದ ಗಾಳಿ ಮೇಲ್ಮುಖವಾಗಿ ಬೀಸುತ್ತದೆ. ಅಂದರೆ ನದಿಯ ಜೊತೆ ಕೆಳಗೆ ಹೋಗುವವನಿಗೆ ಮಧ್ಯಾಹ್ನದ ಗಾಳಿ ಯಾವಾಗಲೂ ಎದುರು. ಅದರ ಜೊತೆ ಪಶ್ಚಿಮದ ಗಾಳಿಯೂ ಸೇರಿದರೆ ಇಳಿಜಾರಿನಲ್ಲಿಯೂ ಪೆಡಲ್ ತುಳಿಯಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಗಾಳಿಯಿಲ್ಲ, ಆದರೆ ಮಂಜು. ಮಂಜು ಕರಗುವವರೆಗೆ ಕಾದರೆ ಗಾಳಿ. ಸೆಪ್ಟೆಂಬರ್‌ನ ಕಣಿವೆಯಲ್ಲಿ ಈ ಎರಡರ ನಡುವೆ ಸಿಗುವುದು ಹತ್ತರಿಂದ ಒಂದು ಗಂಟೆಯವರೆಗಿನ ಅವಧಿ, ದಿನದ ಕಠಿಣ ಭಾಗವನ್ನು ಅದರೊಳಗೆ ಮುಗಿಸುವುದು ಜಾಣತನ.

ಲೊತ್ ಮತ್ತು ತ್ರುಯೇರ್ ನದಿಗಳ ಸಂಗಮದಲ್ಲಿರುವ ಆಂತ್ರೇಗ್ ತಲುಪುವಾಗ ಆರು ಗಂಟೆ. ಆ ರಾತ್ರಿಯ ಊಟಕ್ಕೆ ಅಲಿಗೊ ಸಿಕ್ಕಿತು. ಬೇಯಿಸಿ ನುಣ್ಣಗೆ ಮಾಡಿದ ಆಲೂಗಡ್ಡೆಗೆ ಓಬ್ರಾಕ್ ಸೀಮೆಯ ಎಳೆಯ ಚೀಸನ್ನೂ ಬೆಳ್ಳುಳ್ಳಿಯನ್ನೂ ಬೆರೆಸಿ, ಎತ್ತಿದರೆ ಮಾರುದ್ದ ಎಳೆಯಾಗಿ ಬರುವವರೆಗೆ ನಾದಿ ಮಾಡುವ ಇದು, ಮಾಂಸ ತಿನ್ನದ ನನ್ನಂಥವನಿಗೆ ಈ ಸೀಮೆಯ ದೊಡ್ಡ ಉಪಕಾರ. ಬಡಿಸಿದಾಕೆ ಎಳೆಯನ್ನು ಕತ್ತರಿಯಿಂದ ಕತ್ತರಿಸಿ, ಸೈಕಲ್ಲಿನವರಿಗೆ ಎರಡನೆಯ ಬಾರಿ ಹಾಕಿಸಿಕೊಳ್ಳುವ ಹಕ್ಕಿದೆಯೆಂದು ತಾವೇ ತೀರ್ಪು ಕೊಟ್ಟರು.

ಮೂರನೆಯ ದಿನ: ಆಂತ್ರೇಗ್‌ನಿಂದ ಕೋಂಕ್

ದೂರ ಕಡಿಮೆ, ಮೂವತ್ತೈದು ಕಿಲೋಮೀಟರಿನ ಆಸುಪಾಸು. ಬಲಗಡೆಯ ಎತ್ತರದಲ್ಲಿ ಲ ಫೆಲ್ ಹಳ್ಳಿಯ ದ್ರಾಕ್ಷಿತೋಟಗಳು ಕಲ್ಲಿನ ಗೋಡೆ ಕಟ್ಟಿದ ಮೆಟ್ಟಿಲುಗಳ ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ಯಂತ್ರಗಳು ಹೋಗಲಾರದ ಈ ತೋಟಗಳ ವೈನಿಗೆ 2011ರಲ್ಲಿ ತನ್ನದೇ ಆದ ಪ್ರದೇಶನಾಮದ ಮಾನ್ಯತೆ ದೊರೆತಿದೆ. ನದಿಯಂಚಿನ ರಸ್ತೆಯ ಮೇಲೆ ಚೆಸ್ಟ್‌ನಟ್ ಮರಗಳು ಕವಿದು, ಮುಳ್ಳು ಹೊದ್ದ ಕಾಯಿಗಳು ಡಾಂಬರಿನ ಮೇಲೆ ಚೆಲ್ಲಿದ್ದವು. ಆಗಾಗ ಒಂದು ಕಾಯಿ ಹೆಲ್ಮೆಟ್ಟಿನ ಮೇಲೂ ಬಿತ್ತು.

ವಿಯೆವಿ ದಾಟಿ, ಗ್ರಾಂ-ವಾಬ್ರ್ ಬಳಿ ಲೊತ್ ನದಿಯನ್ನು ಬಿಟ್ಟು ದೂರ್ದು ಎಂಬ ಉಪನದಿಯ ಪಕ್ಕ ಏರಿದರೆ ಕೋಂಕ್. ಕಾಡಿನ ನಡುವೆ, ಕಡಿದಾದ ಇಳಿಜಾರಿಗೆ ಅಂಟಿಕೊಂಡ ಈ ಹಳ್ಳಿಯಲ್ಲಿ ಸೇಂತ್-ಫುವಾ ಮಠದ ಚರ್ಚಿದೆ. ಪಶ್ಚಿಮದ ಬಾಗಿಲ ಮೇಲೆ 12ನೇ ಶತಮಾನದ ಶಿಲ್ಪಿಗಳು ಅಂತಿಮ ತೀರ್ಪಿನ ದಿನವನ್ನು ಕೆತ್ತಿದ್ದಾರೆ. ಒಂದು ಕಡೆ ಸ್ವರ್ಗದವರು ಕಮಾನುಗಳ ಕೆಳಗೆ ಶಿಸ್ತಾಗಿ ಕುಳಿತಿದ್ದಾರೆ, ಇನ್ನೊಂದು ಕಡೆ ನರಕದಲ್ಲಿ ಲೋಭಿ, ಸುಳ್ಳುಗಾರ, ಅಹಂಕಾರದ ಯೋಧ ಎಲ್ಲರೂ ತಕ್ಕ ಶಿಕ್ಷೆ ಅನುಭವಿಸುತ್ತಿದ್ದಾರೆ. ಸ್ವರ್ಗಕ್ಕಿಂತ ನರಕದ ಭಾಗದಲ್ಲಿ ಶಿಲ್ಪಿಗಳ ಉತ್ಸಾಹ ಹೆಚ್ಚೆಂಬುದು ಅಲ್ಲಿ ನಿಂತವರಿಗೆಲ್ಲ ಕಾಣುತ್ತದೆ. 1837ರಲ್ಲಿ ಪ್ರಾಚೀನ ಸ್ಮಾರಕಗಳ ನಿರೀಕ್ಷಕರಾಗಿ ಬಂದ ಪ್ರೊಸ್ಪೆರ್ ಮೆರಿಮೆ ಶಿಥಿಲವಾಗಿದ್ದ ಈ ಕಟ್ಟಡವನ್ನು ಕಂಡು, ಅದರ ರಕ್ಷಣೆಗೆ ಸರ್ಕಾರದ ಗಮನ ಸೆಳೆದರು.

ಒಳಗಿನ ಕಿಟಕಿಗಳು ನಮ್ಮ ಕಾಲದವು. ಹತ್ತಿರದ ರೊದೇಸ್ ಊರಿನವರಾದ ಚಿತ್ರಕಾರ ಪಿಯೇರ್ ಸೂಲಾಜ್ ರೂಪಿಸಿದ 104 ಕಿಟಕಿಗಳು 1994ರಲ್ಲಿ ಪೂರ್ಣಗೊಂಡವು. ಬಣ್ಣವೂ ಇಲ್ಲ, ಸಂತರ ಕಥೆಯೂ ಇಲ್ಲ. ಬೆಳಕನ್ನು ಹಾಯಲು ಬಿಟ್ಟು ನೋಟವನ್ನು ತಡೆಯುವ ಅರೆಪಾರಕ ಗಾಜು, ಅದರ ಮೇಲೆ ಬಾಗಿ ಸಾಗುವ ಕಪ್ಪು ಗೆರೆಗಳು, ಅಷ್ಟೇ. ಗೆಳೆಯನಿಗೆ ಇದು ಹಿಡಿಸಲಿಲ್ಲ. ಹಳೆಯ ಚರ್ಚಿಗೆ ಕಚೇರಿಯ ಗಾಜು ಹಾಕಿದಂತಿದೆಯೆಂದ. ಸಂಜೆ ಐದರ ಸುಮಾರಿಗೆ ಪಡುವಣದ ಕಿಟಕಿಗಳು ಕಿತ್ತಳೆಯಾಗಿಯೂ ಉತ್ತರದವು ನೀಲಿಯಾಗಿಯೂ ತಿರುಗಿದ ಮೇಲೆ ಅವನು ಆ ಮಾತನ್ನು ಮತ್ತೆ ಆಡಲಿಲ್ಲ. ನನ್ನ ಮಟ್ಟಿಗೆ ಈ ಪ್ರವಾಸದಲ್ಲಿ ಸೈಕಲ್ ಇಳಿದು ಕಳೆದ ಗಂಟೆಗಳಲ್ಲಿ ಇವೇ ಶ್ರೇಷ್ಠವಾದವು.

ನಾಲ್ಕನೆಯ ದಿನ: ಕೋಂಕ್‌ನಿಂದ ಫಿಜಾಕ್

ಬಂದ ದಾರಿಯಲ್ಲೇ ಲೊತ್‌ಗೆ ಮರಳಿ, ಲಿವಿನ್ಯಾಕ್ ಕಡೆಗೆ ಹೊರಟೆವು. ಕಣಿವೆ ಇಲ್ಲಿ ಅಗಲವಾಗುತ್ತದೆ, ಜೋಳದ ಹೊಲಗಳು ಬರುತ್ತವೆ. ದಕ್ಷಿಣದ ಗುಡ್ಡದಾಚೆ ದೆಕಾಝ್‌ವಿಲ್ ಇದೆ. 19ನೇ ಶತಮಾನದಲ್ಲಿ ದೆಕಾಝ್ ಡ್ಯೂಕರು ಕಲ್ಲಿದ್ದಲು ಮತ್ತು ಉಕ್ಕಿಗಾಗಿ ಬೆಳೆಸಿದ ಊರದು, 1886ರ ಗಣಿಕಾರ್ಮಿಕರ ಮುಷ್ಕರದಿಂದ ಫ್ರಾನ್ಸಿನಾದ್ಯಂತ ಸುದ್ದಿಯಾಯಿತು. ತೆರೆದ ಗಣಿಯನ್ನು 2001ರಲ್ಲಿ ಮುಚ್ಚಲಾಯಿತು. ರೂಕೆರೋಲ್ ಕೆಲಸ ಮಾಡಿದ ಗಣಿಗಳು ಈ ಸೀಮೆಯವೇ. ಇಲ್ಲಿನ ಕಲ್ಲಿದ್ದಲನ್ನು ಹೊತ್ತು ದೋಣಿಗಳು ಬೋರ್ದೋ ಕಡೆಗೆ ಇಳಿಯಲೆಂದು ನದಿಗೆ ಸಾಲುಸಾಲು ಒಡ್ಡುಗಳನ್ನೂ, ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಇಳಿಸುವ ಲಾಕು ಎಂಬ ಬಾಗಿಲುಕಟ್ಟೆಗಳನ್ನೂ ಕಟ್ಟಿದರು. ರೈಲು ಬಂದ ಮೇಲೆ ದೋಣಿಗಳ ಕೆಲಸ ಮುಗಿಯಿತು.

ದಿನದ ಉಳಿದ ಭಾಗದ ಬಗ್ಗೆ ಹೇಳಲು ಹೆಚ್ಚಿಲ್ಲ. ಬೇಸಿಗೆಯ ಕೊನೆಗೆ ರಸ್ತೆಗಳಿಗೆ ಬಿಸಿ ಡಾಂಬರು ಸುರಿದು ಮೇಲೆ ಸಣ್ಣ ಜಲ್ಲಿ ಹರಡಿ, ಅದನ್ನು ವಾಹನಗಳ ಚಕ್ರಗಳೇ ಒತ್ತಿ ಕೂರಿಸಲೆಂದು ಬಿಡುವ ಪದ್ಧತಿ ಇಲ್ಲಿದೆ. ‘ಗ್ರಾವಿಯೋಂ’ ಎಂಬ ಎಚ್ಚರಿಕೆಯ ಫಲಕ ಕಂಡರೆ ತಿರುವುಗಳಲ್ಲಿ ಬ್ರೇಕು ಹಿಡಿಯುವ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಬೇಕು. ಅಂಥ ಹಲವು ಕಿಲೋಮೀಟರುಗಳನ್ನು ಹಾದು, ಕಾಪ್ದೆನಾಕ್ ರೈಲು ಜಂಕ್ಷನ್ನಿನ ಬಳಿ ಲೊತ್ ಕಣಿವೆಯನ್ನು ಬಿಟ್ಟು, ದಿಣ್ಣೆಯೊಂದನ್ನು ಏರಿ ಸೆಲೆ ನದಿಯ ದಂಡೆಯ ಫಿಜಾಕ್‌ಗೆ ಇಳಿದೆವು. ಅಂದು ಸೋಮವಾರ. ಭಾನುವಾರ ತೆರೆದಿದ್ದ ಅಂಗಡಿಗಳು ಸಣ್ಣ ಊರುಗಳಲ್ಲಿ ಸೋಮವಾರ ಮುಚ್ಚಿರುತ್ತವೆ, ಉಳಿದ ದಿನಗಳಲ್ಲೂ ಮಧ್ಯಾಹ್ನ ಎರಡು ಮೂರು ಗಂಟೆ ಬಾಗಿಲು ಹಾಕುತ್ತವೆ. ಬ್ರೆಡ್ಡು ಮತ್ತು ಹಣ್ಣುಗಳನ್ನು ಹನ್ನೆರಡರೊಳಗೆ ಚೀಲಕ್ಕೆ ಸೇರಿಸಿಕೊಳ್ಳದವನಿಗೆ ಈ ಸೀಮೆಯಲ್ಲಿ ಉಪವಾಸವೇ. ನೀರಿಗೆ ಮಾತ್ರ ಆ ಚಿಂತೆಯಿಲ್ಲ. ಹೂಗಿಡಗಳಿಗೆಂದು ಸ್ಮಶಾನಗಳಲ್ಲಿ ನಲ್ಲಿ ಇರುವುದು ವಾಡಿಕೆ, ಕುಡಿಯಬಾರದೆಂಬ ಫಲಕವಿಲ್ಲದಿದ್ದರೆ ಸೈಕಲ್ ಸವಾರರು ಅಲ್ಲಿಯೇ ಬಾಟಲಿ ತುಂಬಿಕೊಳ್ಳುತ್ತಾರೆ.

ಫಿಜಾಕ್ 1790ರ ಡಿಸೆಂಬರ್‌ನಲ್ಲಿ ಝಾಂ-ಫ್ರಾಂಸ್ವಾ ಶಾಂಪೋಲಿಯೋಂ ಹುಟ್ಟಿದ ಊರು. ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ಬಗೆಯನ್ನು 1822ರಲ್ಲಿ ಜಗತ್ತಿಗೆ ತಿಳಿಸಿದ ಅವರ ನೆನಪಿಗಾಗಿ, ಹುಟ್ಟಿದ ಮನೆಯ ಬಳಿಯ ಅಂಗಳದ ನೆಲಕ್ಕೆ, ಆ ಲಿಪಿಯನ್ನು ಬಿಡಿಸಲು ನೆರವಾದ ರೊಸೆಟ್ಟಾ ಶಿಲೆಯ ಬೃಹತ್ ಪ್ರತಿರೂಪವನ್ನು ಕಪ್ಪು ಕಲ್ಲಿನಲ್ಲಿ ಹಾಸಿದ್ದಾರೆ. ಜನ ಅದರ ಮೇಲೆಯೇ ನಡೆದಾಡುತ್ತಾರೆ.

ಐದನೆಯ ದಿನ: ಸೆಲೆ ಕಣಿವೆ, ಫಿಜಾಕ್‌ನಿಂದ ಕಾಬ್ರೆರೆ

ಲೊತ್ ನದಿಯ ಜೊತೆಗೇ ಹೋಗಿದ್ದರೂ ಕಾಓರ್ ಸಿಗುತ್ತಿತ್ತು. ಸೆಲೆ ಕಣಿವೆಯನ್ನು ಆರಿಸಿದ್ದಕ್ಕೆ ಕಾರಣ, ಇದರಲ್ಲಿ ರೈಲುಹಳಿಯೂ ಇಲ್ಲ, ದೊಡ್ಡ ಊರೂ ಇಲ್ಲ, ಎಲ್ಲಿಗಾದರೂ ಬೇಗ ತಲುಪಬೇಕೆನ್ನುವವರು ಇತ್ತ ಬರುವುದೇ ಇಲ್ಲ. ಇಲ್ಲಿ ದಂಡೆಯ ಚರ್ಚೆಯೂ ಬೇಕಾಗಲಿಲ್ಲ. ಡಿ-41 ಎಂಬ ಒಂದೇ ರಸ್ತೆ ನಲವತ್ತು ಚಿಲ್ಲರೆ ಕಿಲೋಮೀಟರ್ ದೂರ ನದಿಯ ಜೊತೆ ಹೋಗುತ್ತದೆ, ಒಂದು ಗಂಟೆಯಲ್ಲಿ ಎದುರಾದ ಕಾರುಗಳನ್ನು ಬೆರಳುಗಳಲ್ಲೇ ಎಣಿಸಬಹುದಿತ್ತು.

ಫಿಜಾಕ್ ಬಿಟ್ಟ ಸ್ವಲ್ಪ ಹೊತ್ತಿಗೆ ನೆಲದ ಗುಣವೇ ಬದಲಾಗುತ್ತದೆ. ಹಿಂದಿನ ದಿನಗಳ ಕಪ್ಪು ಪದರಗಲ್ಲು ಹಿಂದುಳಿದು, ಬಿಳಿ ಮತ್ತು ಬೂದು ಸುಣ್ಣಕಲ್ಲಿನ ಗೋಡೆಗಳು ಎದ್ದು ನಿಲ್ಲುತ್ತವೆ. ಮೇಲಿನ ಪ್ರಸ್ಥಭೂಮಿಯಲ್ಲಿ ಬಿದ್ದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗಿ ಅಲ್ಲಿ ಕುರುಚಲು ಓಕ್ ಮರಗಳು ಮಾತ್ರ ಬದುಕುತ್ತವೆ. ಇಂಗಿದ ನೀರು ಕಣಿವೆಯ ಬುಡದಲ್ಲಿ ಊಟೆಗಳಾಗಿ ಹೊರಬರುತ್ತದೆ. ಹಾಗಾಗಿ ಮೇಲೆ ಕುರಿಗಳ ಒಣಸೀಮೆ, ಕೆಳಗೆ ಹಸಿರು ಹುಲ್ಲುಗಾವಲು ಮತ್ತು ಹಳ್ಳಿಗಳ ಸಾಲು. ನದಿ ಬಾಗಿದಾಗ ಹೊರಮಗ್ಗುಲಲ್ಲಿ ನೀರು ಬಂಡೆಯನ್ನು ಕೊರೆದು ಗೋಡೆ ಮಾಡುತ್ತದೆ, ಒಳಮಗ್ಗುಲಲ್ಲಿ ಮಣ್ಣು ತಂದು ಹಾಕಿ ಹೊಲ ಮಾಡುತ್ತದೆ. ರಸ್ತೆ ಒಳಮಗ್ಗುಲಲ್ಲಿರುವಾಗ ಹೊಲಗಳ ನಡುವೆ ಆರಾಮವಾಗಿ ಸಾಗುತ್ತದೆ, ಹೊರಮಗ್ಗುಲಿಗೆ ಬಂದಾಗ ಬಂಡೆಗೂ ನೀರಿಗೂ ನಡುವೆ ಹಿಂಡಿಸಿಕೊಳ್ಳುತ್ತದೆ. ಕೆಲವೆಡೆ ಬಂಡೆಯು ರಸ್ತೆಯ ಮೇಲೆ ಚಾಚಿಕೊಂಡಿದ್ದು, ಲಾರಿಗಳು ನಡುರಸ್ತೆಗೆ ಸರಿದು ಹೋಗಬೇಕಾದಷ್ಟು ತಗ್ಗಾಗಿದೆ. ಇದನ್ನು ಗಮನಿಸಲು ಕಲಿತ ಮೇಲೆ ಮುಂದಿನ ತಿರುವು ಕಾಣುವ ಮೊದಲೇ ಎಂಥ ರಸ್ತೆ ಬರಲಿದೆಯೆಂದು ಹೇಳಬಹುದು. ನಾವಿಬ್ಬರೂ ಮಧ್ಯಾಹ್ನದವರೆಗೆ ಆಡಿದ ಆಟ ಅದೇ.

ಎಸ್ಪಾನ್ಯಾಕ್ ಎಂಬ ಕೊಪ್ಪಲಿನ ಹಳೆಯ ಸನ್ಯಾಸಿನಿಯರ ಮಠ ಈಗ ಯಾತ್ರಿಕರ ತಂಗುದಾಣ. ಬ್ರಾಂಗ್ ಬಳಿ ಬಂಡೆಯ ಎತ್ತರದಲ್ಲಿ, ಹದ್ದು ಗೂಡು ಕಟ್ಟಬೇಕಾದ ಜಾಗದಲ್ಲಿ, ಗೋಡೆಯೊಂದು ಕಾಣುತ್ತದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ ಕಾಲದ ಈ ಅಡಗುತಾಣಗಳಿಗೆ ಜನ ಇಂದಿಗೂ ‘ಇಂಗ್ಲಿಷರ ಕೋಟೆ’ ಎನ್ನುತ್ತಾರೆ. ಮಾರ್ಸಿಯಾಕ್‌ನಲ್ಲಿ ಬೆನೆಡಿಕ್ಟ್ ಪಂಥದ ಮಠದ ಅರ್ಧಭಾಗ ಛಾವಣಿ ಕಳೆದುಕೊಂಡು ಆಕಾಶಕ್ಕೆ ತೆರೆದಿದೆ, ಉಳಿದರ್ಧ ಊರಿನ ಚರ್ಚಾಗಿದೆ. ಅದರ ಹಿಂದಿನ ಮರದ ನೆರಳಿನಲ್ಲಿ ಬ್ರೆಡ್ಡು, ಅಂಗೈಯ ಅರ್ಧದಷ್ಟಿರುವ ರೊಕಾಮದೂರ್ ಆಡಿನ ಚೀಸು, ಟೊಮೆಟೊ ತಿಂದು ಮಲಗಿಯೇಬಿಟ್ಟೆವು.

ಎದ್ದಾಗ ಗಾಳಿ ಬೀಸತೊಡಗಿತ್ತು, ಆದರೆ ಈ ಕಣಿವೆಯ ತಿರುವುಗಳಲ್ಲಿ ಅದು ಒಂದು ಗುಡ್ಡದಲ್ಲಿ ಎದುರಾದರೆ ಮುಂದಿನ ಗುಡ್ಡದಲ್ಲಿ ಬೆನ್ನಿಗೆ ಬರುತ್ತಿತ್ತು. ಐದರ ಹೊತ್ತಿಗೆ ಕಾಬ್ರೆರೆ ಸೇರಿದೆವು.

ಆರನೆಯ ದಿನ: ಕಾಬ್ರೆರೆಯಿಂದ ಕಾಓರ್

ಬೆಳಿಗ್ಗೆ ಮೊದಲ ಕೆಲಸ ಪೆಶ್-ಮೆರ್ಲ್ ಗುಹೆ. ಊರಿನಿಂದ ಮೇಲಕ್ಕೆ ಕಡಿದಾದ ಚಿಕ್ಕ ಏರು, ಹತ್ತುವಾಗ ಬೆವತ ಮೈ ಗುಹೆಯ ತಂಪಿಗೆ ನಡುಗುವುದರಿಂದ ಒಣಗಿದ ಅಂಗಿಯೊಂದನ್ನು ಜೊತೆಗಿಟ್ಟುಕೊಳ್ಳಬೇಕು. 1922ರಲ್ಲಿ ಸ್ಥಳೀಯ ಹುಡುಗರಾದ ಆಂದ್ರೆ ದವಿದ್ ಮತ್ತು ಆಂರಿ ದ್ಯುತೆರ್ತ್ರ್ ಇದರೊಳಗಿನ ಚಿತ್ರಗಳನ್ನು ಕಂಡುಹಿಡಿದರು. ಚುಕ್ಕೆಗಳಿಂದ ತುಂಬಿದ ಎರಡು ಕುದುರೆಗಳು ಬೆನ್ನು ಬೆನ್ನು ಸೇರಿಸಿ ನಿಂತ ಚಿತ್ರಕ್ಕೆ ಸುಮಾರು 29,000 ವರ್ಷಗಳ ಪ್ರಾಯ. ಬಲಗಡೆಯ ಕುದುರೆಯ ತಲೆ ಬಂಡೆಯ ಸಹಜ ಆಕಾರವನ್ನೇ ಅನುಸರಿಸಿದೆ. ಬಂಡೆಯಲ್ಲಿ ಕುದುರೆ ಕಂಡ ಮೇಲೆಯೇ ಬಣ್ಣ ಹಚ್ಚಿದಂತೆ ತೋರುತ್ತದೆ. ಉಸಿರಿನ ತೇವದಿಂದ ಚಿತ್ರಗಳು ಕೆಡದಿರಲೆಂದು ದಿನಕ್ಕೆ ಒಳಬಿಡುವ ಜನರ ಸಂಖ್ಯೆಗೆ ಮಿತಿಯಿರುವುದರಿಂದ ಮೊದಲೇ ಸಮಯ ಕಾದಿರಿಸಿದ್ದೆವು.

ಸೆಲೆ ನದಿ ಬೂಝಿಯೆಸ್ ಬಳಿ ಲೊತ್ ನದಿಯನ್ನು ಸೇರುತ್ತದೆ. ಅಲ್ಲಿಂದ ಎಡದಂಡೆಗೆ ದಾಟಿದರೆ, ದೋಣಿಗಳನ್ನು ದಂಡೆಯಿಂದ ಹಗ್ಗ ಕಟ್ಟಿ ಎಳೆಯಲೆಂದು 19ನೇ ಶತಮಾನದಲ್ಲಿ ಬಂಡೆಯ ಗೋಡೆಯನ್ನೇ ಕೊರೆದು ಮಾಡಿದ ಹಾದಿ ಸಿಗುತ್ತದೆ. ತಲೆಯ ಮೇಲೂ ಬಂಡೆ, ಪಕ್ಕದಲ್ಲೂ ಬಂಡೆ, ಇನ್ನೊಂದು ಪಕ್ಕದಲ್ಲಿ ನೀರು. ಅದು ನಡೆಯುವವರ ಹಾದಿ, ಸೈಕಲ್ಲುಗಳನ್ನು ಬಿಟ್ಟು ಸ್ವಲ್ಪ ದೂರ ಹೋಗಿ ನೋಡಿ ಬಂದೆವು. ನದಿಯಿಂದ ನೂರು ಮೀಟರಿನಷ್ಟು ಎತ್ತರದ ಬಂಡೆಯಂಚಿನ ಸೇಂ-ಸಿರ್ಕ್-ಲಾಪೊಪಿಗೆ ಡಾಂಬರು ರಸ್ತೆಯಲ್ಲೇ ಏರಿದೆವು. ಸರ್ರಿಯಲಿಸ್ಟ್ ಕವಿ ಆಂದ್ರೆ ಬ್ರೆತೋಂ 1950ರ ದಶಕದ ಆರಂಭದಿಂದ ಇಲ್ಲಿ ಬೇಸಿಗೆಗಳನ್ನು ಕಳೆಯುತ್ತಿದ್ದರು. 2012ರಲ್ಲಿ ಫ್ರೆಂಚರು ಇದನ್ನು ತಮ್ಮ ಅಚ್ಚುಮೆಚ್ಚಿನ ಹಳ್ಳಿಯೆಂದು ಮತ ಹಾಕಿ ಆರಿಸಿದರು, ಅದರ ಫಲವಾಗಿ ಹಿಂದಿನ ದಿನವಿಡೀ ಕಾಣದಷ್ಟು ಕಾರುಗಳು ಅದರ ಒಂದು ನಿಲ್ದಾಣದಲ್ಲೇ ಇದ್ದವು. ಹಳ್ಳಿ ಚೆಲುವಾಗಿದೆ, ಒಪ್ಪುತ್ತೇನೆ. ಆದರೆ ಕೆಳಗಿನಿಂದ ನೋಡುವಾಗಿನ ಚೆಲುವೇ ಹೆಚ್ಚು.

ವೆರ್ ಊರಿನಿಂದ ಕಾಓರ್ ಕಡೆಗೆ ಬಲದಂಡೆಯ ಮುಖ್ಯ ರಸ್ತೆಯಲ್ಲಿ ವಾಹನಗಳು ಹೆಚ್ಚುತ್ತವೆ. ಈ ಭಾಗದ ಬಂಡೆಗಳಲ್ಲಿ ಅಲ್ಲಲ್ಲಿ ಕೊರೆದ ಅಡ್ಡಗೆರೆಯಂಥ ಕಾಲುವೆ ಕಾಣುತ್ತದೆ. ವೆರ್ ಕಣಿವೆಯ ನೀರನ್ನು ದಿವೋನಾ ಎಂದು ಕರೆಯಲಾಗುತ್ತಿದ್ದ ಅಂದಿನ ಕಾಓರ್‌ಗೆ ಒಯ್ಯಲು ರೋಮನ್ನರು ಮಾಡಿದ ಕಾಲುವೆಯ ಉಳಿಕೆಯದು. ಎಲ್ಲಿಯೂ ಏರದೆ, ಎಲ್ಲಿಯೂ ರಭಸವಾಗಿ ಇಳಿಯದೆ, ಪ್ರತಿ ಬಳುಕನ್ನೂ ಒಂದೇ ಹದದ ಇಳಿಜಾರಿನಲ್ಲಿ ಸುತ್ತಿ ಬರುವ ಅಂಥ ಕೆಲಸ ನೀರಿಗಾಗಿ ಆದದ್ದು ಸರಿಯೇ. ನಮ್ಮ ಚಕ್ರಗಳಿಗೂ ಅದನ್ನು ಕೊಟ್ಟಿದ್ದರೆ ಕಳೆದ ದಿನಗಳ ಎಷ್ಟೋ ಏರುಗಳು ತಪ್ಪುತ್ತಿದ್ದವು ಎಂದ ಗೆಳೆಯ.

ಕಾಓರ್ ಪಟ್ಟಣವನ್ನು ನದಿ ಮೂರು ಕಡೆಯಿಂದ ಸುತ್ತುವರಿದಿದೆ. ಊರಿನ ಪಡುವಣ ಬದಿಯ ವಲಾಂತ್ರೆ ಸೇತುವೆಯ ಕೆಲಸ 1308ರಲ್ಲಿ ಆರಂಭವಾಗಿ ಮುಗಿಯಲು ಏಳು ದಶಕಗಳೇ ಹಿಡಿದವು. ಆರು ದೊಡ್ಡ ಕಮಾನು, ಮೂರು ಗೋಪುರ. ಕೆಲಸ ಸಾಗದೆ ಬೇಸತ್ತ ಶಿಲ್ಪಿ ಸೈತಾನನೊಡನೆ ಒಪ್ಪಂದ ಮಾಡಿಕೊಂಡು, ಕೊನೆಗೆ ಜರಡಿಯಲ್ಲಿ ನೀರು ತರುವಂತೆ ಹೇಳಿ ಅವನನ್ನೇ ಸೋಲಿಸಿದನೆಂದೂ, ಆ ಸಿಟ್ಟಿಗೆ ಸೈತಾನ ಪ್ರತಿರಾತ್ರಿ ನಡುಗೋಪುರದ ಒಂದು ಕಲ್ಲನ್ನು ಕೀಳುತ್ತಿದ್ದನೆಂದೂ ಕಥೆಯಿದೆ. 1879ರಲ್ಲಿ ದುರಸ್ತಿ ಮಾಡಿದ ಪೋಲ್ ಗೂ ಆ ಮೂಲೆಗೆ ಕಲ್ಲು ಕೀಳುವ ಪುಟ್ಟ ಸೈತಾನನ ಕೆತ್ತನೆಯನ್ನೇ ಕೂರಿಸಿದರು.

ಪ್ಯಾರಿಸ್ ಮತ್ತು ತೂಲೂಝ್ ನಡುವಿನ ರೈಲುಮಾರ್ಗದಲ್ಲಿಯೇ ಇರುವ ಕಾಓರ್‌ನಿಂದ ಸೈಕಲ್ ಸಮೇತ ಮರಳುವುದು ಸುಲಭ. ಪ್ರಾದೇಶಿಕ ರೈಲುಗಳಲ್ಲಿ ಜಾಗವಿದ್ದರೆ ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿ ಒಯ್ಯಬಹುದು. ಹೆಚ್ಚು ದಿನಗಳಿರುವವರು ಇಲ್ಲಿಗೆ ನಿಲ್ಲಿಸಬೇಕಾಗಿಲ್ಲ. ಕಾಓರ್‌ನ ಕೆಳಗೆ ಲ್ಯುಝೆಶ್, ಪುಯಿ-ಲೆವೆಕ್ ಮೊದಲಾದ ಊರುಗಳನ್ನು ಹಾದು ಎಗಿಯೋಂವರೆಗೆ ಕಣಿವೆ ಇನ್ನೂ ಅಗಲವಾಗಿ, ಮಾಲ್ಬೆಕ್ ದ್ರಾಕ್ಷಿಯ ತೋಟಗಳ ನಡುವೆ ಮುಂದುವರಿಯುತ್ತದೆ. ಏರುಗಳು ಕಡಿಮೆಯಾದರೂ ಬಿಸಿಲೂ ಮಧ್ಯಾಹ್ನದ ಎದುರುಗಾಳಿಯೂ ಅಲ್ಲಿ ಹೆಚ್ಚು, ಆದ್ದರಿಂದ ಆ ಭಾಗಕ್ಕೆ ಹೋಗುವವರು ಎಗಿಯೋಂನಲ್ಲಿ ರೈಲಿಳಿದು ಕಾಓರ್ ಕಡೆಗೆ ಮೇಲ್ಮುಖವಾಗಿ ಬರುವುದೇ ಮೇಲೆಂದು ನನ್ನ ಅಭಿಪ್ರಾಯ.